ಎರಡನೇ ಹ್ಯಾಂಡಲ್

ಕೊಳ್ಳೇಗಾಲ
14 ಜುಲೈ 2003

ಪ್ರಭುಸ್ವಾಮಿಗೆ,

ಹನ್ನೊಂದು ವರ್ಷದ ಮೇಲೆ ನನ್ನ ಕೈಬರಹ ನೋಡಿ ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ಹ್ಯಾಂಡಲ್ ಕೆಟ್ಟಿದೆ, ಅಷ್ಟೇ.

ನಾವಿಬ್ಬರೂ ಸೇರಿ ತೆರೆದ ವಿಡಿಯೋ ಗೇಮ್ ಅಂಗಡಿ ಇನ್ನೂ ಅದೇ ರೇಷ್ಮೆ ಸೀರೆ ಅಂಗಡಿಯ ಪಕ್ಕದಲ್ಲಿದೆ. ನಿನ್ನ ಕಾಲದ ನಾಲ್ಕು ಮಿಷಿನ್‌ಗಳಲ್ಲಿ ಮೂರು ಗುಜರಿಗೆ ಹೋದವು. ‘ಕೋಟೆ’ ಒಂದೇ ಉಳಿದಿದೆ. ಅದೇ, ಏಳು ಬಾಗಿಲಿನ ಕೋಟೆ, ಹಸಿರು ರುಮಾಲಿನವನು, ಕೆಂಪು ರುಮಾಲಿನವನು. ಎಲ್ಲ ಹುಡುಗರೂ ಈಗ ಕಂಪ್ಯೂಟರ್ ಸೆಂಟರ್ ಕಡೆ ಓಡುತ್ತಾರೆ. ಇಲ್ಲಿಗೆ ಬರುವವರೆಂದರೆ ಕಾಡಿನ ಡ್ಯೂಟಿಗೆಂದು ಬಂದು ಬೇಜಾರು ಹಿಡಿದಿರುವ ಪೊಲೀಸಿನವರು, ಸಂತೆಗೆ ಬಂದವರು, ಬಸ್ ತಪ್ಪಿಸಿಕೊಂಡವರು.

ಈಗ ಎರಡನೇ ಹ್ಯಾಂಡಲ್, ಅಂದರೆ ನಿನ್ನದು, ಬಲಕ್ಕೆ ಹೋಗುವುದನ್ನು ನಿಲ್ಲಿಸಿದೆ. ಕೆಂಪು ರುಮಾಲಿನವನು ನಿಂತಲ್ಲೇ ಕುಣಿಯುತ್ತಾನೆ, ಮುಂದೆ ಹೆಜ್ಜೆ ಇಡುವುದಿಲ್ಲ. ಒಬ್ಬ ಹಿಂದೆ ಉಳಿದರೆ ಇನ್ನೊಬ್ಬನಿಗೂ ದಾರಿ ಬಿಡದ ಆಟ ಅದು, ನಿನಗೇ ಗೊತ್ತು. ಮೈಸೂರಿನಿಂದ ಬಂದ ಮೆಕ್ಯಾನಿಕ್ ಒಳಗೆ ನೋಡಿ, ಈ ವೈರಿಂಗ್ ಯಾರು ಮಾಡಿದ್ದೋ ಅವರನ್ನೇ ಕೇಳಿ ಅಂದುಬಿಟ್ಟ. ಮಾಡಿದವನು ನೀನು. ಅದಕ್ಕೇ ಕೇಳುತ್ತಿದ್ದೇನೆ.

ಕವರಿನ ಹಿಂದೆ ‘ಮಾದೇಶ್ವರ ಸ್ಪೇರ್ಸ್’ ಅಂತ ಬರೆದಿದ್ದೇನೆ. ನಿನ್ನ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಯಾರ ಕೈಗೆ ಸಿಕ್ಕರೂ ಏನೋ ಬಿಲ್ ಅಂದುಕೊಳ್ಳುತ್ತಾರೆ. ನನ್ನ ಬುದ್ಧಿ ಇನ್ನೂ ಅಷ್ಟರಮಟ್ಟಿಗೆ ಕೆಲಸ ಮಾಡುತ್ತಿದೆ.

ಹ್ಯಾಂಡಲ್ ಕೆಟ್ಟ ಅಂಗಡಿಯ ಯಜಮಾನ,
ಶಿವರುದ್ರ

*

ಹನೂರು
2 ಆಗಸ್ಟ್ 2003

ರುದ್ರಣ್ಣನವರಿಗೆ ಶರಣು.

ಇಲ್ಲಿ ನಾನು, ನಾಗಶ್ರೀ, ಮಗಳು ಎಲ್ಲರೂ ಕ್ಷೇಮ. ನಿಮ್ಮ ಕಾಗದ ತಲುಪಿತು.

ಮುಂದಿನ ಹಲಗೆಯ ಎರಡು ಸ್ಕ್ರೂ ಬಿಚ್ಚಿ. ಹ್ಯಾಂಡಲ್ ಬುಡದಲ್ಲಿ ನಾಲ್ಕು ಕಡೆ ನಾಲ್ಕು ಸ್ವಿಚ್ ಇವೆ. ಬಲಕ್ಕೆ ಹೋಗುತ್ತಿಲ್ಲವೆಂದು ಬಲಗಡೆಯ ಸ್ವಿಚ್ ನೋಡಲು ಹೋಗಬೇಡಿ. ಮೇಲೆ ಹ್ಯಾಂಡಲ್ ಬಲಕ್ಕೆ ಬಾಗಿದರೆ ಅದರ ಬುಡ ಎಡಕ್ಕೆ ಬಾಗುತ್ತದೆ. ಆದ್ದರಿಂದ ಎಡಗಡೆಯದನ್ನು ನೋಡಿ. ಅದರ ತಗಡು ಸವೆದು ತಾಗುತ್ತಿರಲಿಕ್ಕಿಲ್ಲ. ಇಕ್ಕಳದಲ್ಲಿ ಒಂದು ಎಳೆಯಷ್ಟು ಹೊರಕ್ಕೆ ಬಗ್ಗಿಸಿ. ಜಾಸ್ತಿ ಬಗ್ಗಿಸಿದರೆ ಮುರಿಯುತ್ತದೆ. ಕಪ್ಪು ವೈರ್ ನಾಲ್ಕಕ್ಕೂ ಒಂದೇ, ಅದನ್ನು ಮುಟ್ಟಬೇಡಿ. ಕೈ ಹಾಕುವ ಮುಂಚೆ ಪ್ಲಗ್ ಕಿತ್ತಿಡಿ. ನೀವು ಮರೆಯುತ್ತೀರಿ.

ಸರಿಹೋಗದಿದ್ದರೆ ತಿಳಿಸಿ.

ಇಂತಿ,
ಪ್ರಭುಸ್ವಾಮಿ

*

ಕೊಳ್ಳೇಗಾಲ
19 ಆಗಸ್ಟ್ 2003

ಪ್ರಭು,

ಸರಿಹೋಯಿತು. ಪ್ಲಗ್ ಕೀಳುವುದನ್ನು ಮರೆತಿದ್ದೆ. ಕೈ ಜುಮ್ಮೆಂದ ಮೇಲೆ ನಿನ್ನ ಕಾಗದ ಇನ್ನೊಂದು ಸಲ ಓದಿದೆ. ‘ನೀವು ಮರೆಯುತ್ತೀರಿ’ ಎನ್ನುವ ಎರಡು ಪದವನ್ನು ಎಷ್ಟು ಸಲ ಓದಿದೆನೋ ಲೆಕ್ಕ ಇಡಲಿಲ್ಲ. ಅದೊಂದೇ ಸಾಲು ನಿನ್ನದು. ಮಿಕ್ಕಿದ್ದೆಲ್ಲ ಮೋಟಾರ್ ವೈಂಡಿಂಗ್ ಅಂಗಡಿಯದು.

ಸರಿಯಾಗಿದೆಯೋ ಇಲ್ಲವೋ ನೋಡಬೇಕಾದರೆ ಇಬ್ಬರು ಬೇಕು. ಯಾರೂ ಇರಲಿಲ್ಲ. ಎಡಗೈಯಲ್ಲಿ ಹಸಿರಿನವನು, ಬಲಗೈಯಲ್ಲಿ ಕೆಂಪಿನವನು, ನಾನೊಬ್ಬನೇ ಆಡಿಸಿದೆ. ಮೊದಲ ಬಾಗಿಲು ದಾಟುವಷ್ಟರಲ್ಲಿ ಇಬ್ಬರೂ ಸತ್ತರು. ಯಾರಾದರೂ ನೋಡಿದ್ದರೆ ಗೇಮ್ ಅಂಗಡಿ ಯಜಮಾನನಿಗೆ ತಲೆ ಕೆಟ್ಟಿದೆ ಅನ್ನುತ್ತಿದ್ದರು.

ಇಷ್ಟು ವರ್ಷ ಈ ಗಲ್ಲಾದಲ್ಲಿ ಕೂತು ನಾನು ಕಂಡ ಒಂದು ವಿಷಯ ಹೇಳಲೇ? ಇಲ್ಲಿ ಆಡಲು ಬರುವ ಗಂಡಸರು, ಮೀಸೆ ಬಂದವರು ಬರದವರು ಎಲ್ಲರೂ, ಆಟ ನಡೆಯುತ್ತಿರುವಾಗ ಒಬ್ಬರ ಹೆಗಲ ಮೇಲೆ ಒಬ್ಬರು ಗದ್ದ ಊರಿ ನಿಲ್ಲುತ್ತಾರೆ. ಗೆದ್ದರೆ ತಬ್ಬಿಕೊಳ್ಳುತ್ತಾರೆ. ಆಟ ಮುಗಿದ ಕೂಡಲೇ ಮೈ ಕೊಡವಿಕೊಂಡು ಮಾರು ದೂರ ನಿಲ್ಲುತ್ತಾರೆ. ಸೋತವನನ್ನು ‘ಹೆಣ್ಣಿಗ’ ಅಂತ ಕರೆಯುತ್ತಾರೆ. ಪ್ರತಿದಿನ ಹತ್ತು ಸಲ ಆ ಮಾತು ನನ್ನ ಕಿವಿಗೆ ಬೀಳುತ್ತದೆ. ಒಂದು ಸಲ ‘ಇಲ್ಲಿ ಕೆಟ್ಟ ಮಾತು ಆಡಬಾರದು’ ಅಂತ ಬೋರ್ಡ್ ಬರೆಸಿ ಹಾಕಿದೆ. ಯಾವ ಮಾತು ಕೆಟ್ಟದ್ದು ಅಂತ ಯಾರೋ ಕೇಳಿದರು. ಬೋರ್ಡ್ ತೆಗೆದೆ.

ಆ ದಿನದ ವಿಷಯ ಬರೆಯುತ್ತೇನೆ, ಸಿಟ್ಟು ಮಾಡಬೇಡ. ನಿನಗೆ ಗೊತ್ತಿರುವುದನ್ನೇ ನಿನಗೆ ಬರೆಯುತ್ತಿದ್ದೇನೆ. ಯಾರಿಗಾದರೂ ಹೇಳಬೇಕು, ಗೊತ್ತಿರುವವನು ನೀನೊಬ್ಬನೇ.

ತೊಂಬತ್ತೆರಡು, ಶಿವರಾತ್ರಿ ಆದ ವಾರ. ಮಧ್ಯಾಹ್ನ ಊಟದ ಹೊತ್ತು, ಶಟರ್ ಅರ್ಧ ಇಳಿಸಿದ್ದೆವು. ಅವತ್ತು ಮೊದಲ ಸಲ ಏಳೂ ಬಾಗಿಲು ದಾಟಿದೆವು. ರಾಜ ಸತ್ತ, ಕಂಬಕ್ಕೆ ಕಟ್ಟಿದ್ದ ಹುಡುಗಿ ಕಂಡಳು. ಮುಗಿಯಿತು ಅಂದುಕೊಂಡರೆ ಮುಗಿದಿರಲಿಲ್ಲ. ಅಲ್ಲಿಯವರೆಗೆ ಜೊತೆಗೆ ಬಂದ ಇಬ್ಬರನ್ನೂ ಎದುರುಬದುರು ನಿಲ್ಲಿಸಿ, ಹುಡುಗಿ ಒಬ್ಬನಿಗೇ, ಹೊಡೆದಾಡಿ ಅಂದಿತು ಮಿಷಿನ್. ಮೇಲೆ ಗಡಿಯಾರ ಅರವತ್ತರಿಂದ ಇಳಿಯತೊಡಗಿತು. ನಾನು ನಿನ್ನನ್ನು ನೋಡಿದೆ. ನೀನು ಹ್ಯಾಂಡಲ್ ಬಿಟ್ಟೆ. ನಾನೂ ಬಿಟ್ಟೆ. ‘ಇವಳಿಗೋಸ್ಕರ ನಾನ್ಯಾಕೆ ನಿಮ್ಮನ್ನ ಹೊಡೀಲಿ ರುದ್ರಣ್ಣ’ ಅಂದೆ ನೀನು, ನಗುತ್ತಾ. ಬಿಟ್ಟ ಕೈ ನನ್ನ ಕೈ ಹಿಡಿಯಿತು. ನಾನು ನಿನ್ನ ಹೆಗಲಿಗೆ ತಲೆ ಇಟ್ಟೆ. ಗಡಿಯಾರ ಇಳಿಯುತ್ತಾ ಇತ್ತು, ಹಸಿರಿನವನೂ ಕೆಂಪಿನವನೂ ಸುಮ್ಮನೆ ನಿಂತಿದ್ದರು. ನನ್ನ ಬದುಕಿನಲ್ಲಿ ಅಷ್ಟು ಸುಖವಾಗಿ ಇದ್ದದ್ದು ಆ ಒಂದು ನಿಮಿಷ.

ಆಮೇಲೆ ಶಟರ್ ಕೆಳಗೆ ಬಗ್ಗಿ ನಿನ್ನ ಸೋದರಮಾವ ಚೆನ್ನಯ್ಯ ಬಂದರು.

‘ಏನ್ಲಾ ಇದು? ಏನ್ ಮಾಡ್ತಿದ್ದೀರ್ಲಾ ಇಬ್ರೂ?’

‘ಗೇಮ್ ಆಡ್ತಿದ್ದೋ ಮಾವ.’

ಅವರು ನಮ್ಮ ಕೈ ನೋಡಿದರು. ಪರದೆ ನೋಡಿದರು. ಆ ಮನುಷ್ಯನ ಮುಖ ನನಗಿನ್ನೂ ನೆನಪಿದೆ. ನೋಡಿದ್ದಕ್ಕೆ ಅವರ ಹತ್ತಿರ ಒಂದು ಮಾತೂ ಇರಲಿಲ್ಲ. ನೀನು ಆಡಿದ ‘ಗೇಮ್’ ಎನ್ನುವ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡರು. ‘ಗೇಮಾ? ಇದೇ ಕಣ್ಲಾ ನಿನ್ನ ಆಳ್ ಮಾಡಿರದು!’

ಅಲ್ಲಿಂದ ಯಳಂದೂರಿನ ನಿಮ್ಮ ಮನೆಯಲ್ಲಿ ಎಲ್ಲರ ಬಾಯಲ್ಲೂ ಅದೇ. ಹುಡುಗ ವಿಡಿಯೋ ಗೇಮ್ ಚಟಕ್ಕೆ ಬಿದ್ದಿದ್ದಾನೆ. ಮಾದೇಶ್ವರನ ಬೆಟ್ಟಕ್ಕೆ ಕರೆದುಕೊಂಡು ಹೋಗಿ ಮುಡಿ ಕೊಡಿಸಿದರು, ಉರುಳು ಸೇವೆ ಮಾಡಿಸಿದರು, ಮಾದಪ್ಪನ ಮುಂದೆ ನಿಲ್ಲಿಸಿ ಆ ಮಿಷಿನ್ ಮುಟ್ಟುವುದಿಲ್ಲ ಅಂತ ಆಣೆ ಮಾಡಿಸಿದರು. ಮೂರು ತಿಂಗಳಿಗೆ ಮದುವೆ. ಚೆನ್ನಯ್ಯನೇ ಬಂದು ನನಗೆ ಪ್ರಸಾದ ಕೊಟ್ಟು ಹೇಳಿದರು: ‘ನಮ್ಮುಡ್ಗ ಆಣೆ ಮಾಡವ್ನೆ ಸಾ. ಇನ್ ಈ ಕಡೀಕ್ ಬರಾಕಿಲ್ಲ. ನೀವೂ ಕರೀಬ್ಯಾಡಿ.’ ನಾನು ಕೈಯೊಡ್ಡಿ ಪ್ರಸಾದ ತೆಗೆದುಕೊಂಡೆ.

ದೇವರ ಮುಂದೆ ಒಂದು ಮರದ ಪೆಟ್ಟಿಗೆಯ ಮೇಲೆ ತಪ್ಪು ಹೊರಿಸಿದ ಜನ ನಿಮ್ಮವರು ಬಿಟ್ಟರೆ ಇನ್ನು ಯಾರೂ ಇರಲಿಕ್ಕಿಲ್ಲ. ನಗು ಬರುತ್ತದೆ. ಕೆಲವು ದಿನ ಬರುವುದಿಲ್ಲ.

ಹ್ಯಾಂಡಲ್ ಸರಿ ಇದೆಯೋ ನೋಡಲು ಒಂದು ಸಲ ಬಾ.

ನಿನ್ನ,
ರುದ್ರ

*

ಹನೂರು
30 ಸೆಪ್ಟೆಂಬರ್ 2003

ರುದ್ರಣ್ಣನವರಿಗೆ ಶರಣು.

ಉತ್ತರ ತಡವಾಯಿತು. ಮಳೆ ಸರಿಯಾಗಿ ಬೀಳದೆ ಎಲ್ಲರ ಮೋಟಾರೂ ಹಗಲಿಡೀ ಓಡಿ ಸುಟ್ಟು ಬರುತ್ತಿವೆ. ಕೆಲಸ ಜಾಸ್ತಿ.

ದಯವಿಟ್ಟು ಹಳೆಯದನ್ನು ಕಾಗದದಲ್ಲಿ ಬರೆಯಬೇಡಿ. ಅಂಗಡಿಯ ಕಾಗದಪತ್ರಗಳನ್ನು ನಾಗಶ್ರೀ ಜೋಡಿಸಿಡುತ್ತಾಳೆ. ಅವಳು ಒಳ್ಳೆಯವಳು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ನನಗೆ ಬೇಜಾರು ಮಾಡಿದವಳಲ್ಲ. ನಿಮ್ಮ ಹಿಂದಿನ ಕಾಗದವನ್ನು ಮೋಟಾರಿನ ವಾರ್ನಿಷ್ ಒಣಗಿಸುವ ಒಲೆಗೆ ಹಾಕಿದೆ. ಹಾಕುವ ಮುಂಚೆ ಓದಿದೆ.

ನೀವು ನಗುತ್ತೀರಿ, ಆದರೆ ಆಣೆ ಆಣೆಯೇ. ಮಾದಪ್ಪನ ಮುಂದೆ ನನ್ನ ಬಾಯಿಂದಲೇ ಹೇಳಿದ ಮಾತು. ಆ ಮಿಷಿನ್ ಅಲ್ಲಿ ಇರುವ ತನಕ ಆ ಅಂಗಡಿಯ ಹೊಸ್ತಿಲು ತುಳಿಯುವ ಹಾಗಿಲ್ಲ. ಅದು ಇಲ್ಲದಿದ್ದರೆ ಮಾತು ಬೇರೆ ಇರುತ್ತಿತ್ತು.

ನಿಮ್ಮ ಆರೋಗ್ಯ ನೋಡಿಕೊಳ್ಳಿ. ಊಟ ಹೋಟೆಲಿನದೇ?

ಇಂತಿ,
ಪ್ರಭುಸ್ವಾಮಿ

*

ಕೊಳ್ಳೇಗಾಲ
12 ನವೆಂಬರ್ 2003

ಪ್ರಭು,

ಮಿಷಿನ್ ಮಾರಿದೆ.

‘ಅದು ಇಲ್ಲದಿದ್ದರೆ ಮಾತು ಬೇರೆ’ ಎಂದು ಬರೆದಿದ್ದೆಯಲ್ಲ, ಅದನ್ನೇ ಹಿಡಿದುಕೊಂಡು ಒಂದು ತಿಂಗಳು ಯೋಚನೆ ಮಾಡಿದೆ. ಮೇಟೂರಿನ ಕಡೆಯವರೊಬ್ಬರು ಹಳೆಯ ಮಿಷಿನ್ ಕೊಳ್ಳುತ್ತಾರೆ ಎಂದು ಗೊತ್ತಿತ್ತು. ಕರೆಸಿದೆ. ಬಂದವರು ಸುತ್ತ ತಿರುಗಿ ನೋಡಿ, ‘ಎರಡು ಹ್ಯಾಂಡಲೂ ಚೆನ್ನಾಗ್ ಕೆಲ್ಸ ಮಾಡ್ತದೆ, ಮತ್ತ್ಯಾಕ್ ಸಾ ಕೊಡ್ತೀರಿ?’ ಅಂದರು. ‘ಆಡೋರಿಲ್ಲ’ ಅಂದೆ.

ನಾಲ್ಕು ಜನ ಹೊತ್ತು ಆಚೆ ತಂದರು. ಬೀದಿಯ ಬಿಸಿಲಿನಲ್ಲಿ ಅದನ್ನು ನಾನು ನೋಡಿದ್ದು ಅದೇ ಮೊದಲು. ಎಷ್ಟು ಚಿಕ್ಕದಾಗಿತ್ತು, ಪ್ರಭು. ಬಣ್ಣವೆಲ್ಲ ಹೋಗಿ, ಪಕ್ಕದ ಹಲಗೆಯಲ್ಲಿ ಗೆದ್ದಲು ತಿಂದ ತೂತು. ಇದಕ್ಕೆ ಹೆದರಿ ನಿಮ್ಮ ಮನೆಯವರೆಲ್ಲ ಬೆಟ್ಟ ಹತ್ತಿದರೇ ಎನಿಸಿತು. ವ್ಯಾನ್ ಬಾಗಿಲು ಹಾಕುವಾಗ ಸೀರೆ ಅಂಗಡಿಯವರು ಬಂದು ನನ್ನ ಭುಜ ಹಿಡಿದುಕೊಂಡರು. ನಾನು ಅಳುತ್ತಿದ್ದೆ ಅಂತ ನನಗೇ ಗೊತ್ತಾಗಿರಲಿಲ್ಲ. ‘ಓಗ್ಲಿ ಬುಡಿ ಸ್ವಾಮಿ, ಅಳೇ ಮಾಲು’ ಅಂದರು. ಒಳ್ಳೆಯ ಮನುಷ್ಯ.

ಈಗ ಅಂಗಡಿಯಲ್ಲಿ ಒಂದು ಜೆರಾಕ್ಸ್ ಮಿಷಿನ್ ತಂದಿಟ್ಟಿದ್ದೇನೆ. ಅದರ ಮೇಲೆ ನೀನು ಯಾವ ಆಣೆಯನ್ನೂ ಮಾಡಿಲ್ಲ. ನೀನು ಮುಟ್ಟಬಾರದು ಅಂತ ಹೇಳಿದ ವಸ್ತು ಈ ಊರಿನಲ್ಲೇ ಇಲ್ಲ. ಹೊಸ್ತಿಲು ತೊಳೆಸಿದ್ದೇನೆ.

ಯಾವ ದಿನವಾದರೂ ಬಾ. ನಿನ್ನನ್ನು ಏನೂ ಕೇಳುವುದಿಲ್ಲ. ಮಗಳು, ನಾಗಶ್ರೀ ಎಲ್ಲರನ್ನೂ ಕರೆದುಕೊಂಡು ಬಂದರೂ ಸಂತೋಷ. ಊಟ ಹೋಟೆಲಿನದೇ ಅಂತ ಕೇಳಿದ್ದೆಯಲ್ಲ. ಹೌದು. ಆದರೆ ನೀನು ಬರುವ ದಿನ ನಾನೇ ಅಡುಗೆ ಮಾಡುತ್ತೇನೆ. ಅವರೆಕಾಯಿ ಬರುತ್ತಿದೆ.

ಕಾಯುತ್ತಿರುವ,
ರುದ್ರ

*

ಹನೂರು
8 ಡಿಸೆಂಬರ್ 2003

ರುದ್ರಣ್ಣ,

ನಿಮ್ಮ ಕಾಗದ ಓದಿದ ಮೇಲೆ ಎರಡು ವಾರ ನಿದ್ದೆ ಸರಿಯಾಗಿ ಬರಲಿಲ್ಲ. ಮಾರುತ್ತೀರಿ ಎಂದು ನಾನು ಅಂದುಕೊಂಡಿರಲಿಲ್ಲ. ಅಷ್ಟು ಸಲೀಸಾಗಿ ಒಂದು ಮಾತು ಬರೆದುಬಿಟ್ಟಿದ್ದೆ. ಈಗ ನಿಜ ಹೇಳದಿದ್ದರೆ ನಾನು ಮನುಷ್ಯನೇ ಅಲ್ಲ.

ಆಣೆ ಮುರಿದು ನಾಲ್ಕು ವರ್ಷವಾಯಿತು.

ಪ್ರತಿ ಅಮಾವಾಸ್ಯೆಗೆ ಬೆಟ್ಟಕ್ಕೆ ಹೋಗುತ್ತೇನೆ. ಅದೂ ಆ ಹರಕೆಯ ಭಾಗವೇ. ಮನೆಯವರು ಯಾರೂ ಜೊತೆಗೆ ಬರುವುದಿಲ್ಲ. ದೇವಸ್ಥಾನದಿಂದ ಬಸ್ ಸ್ಟ್ಯಾಂಡಿಗೆ ಇಳಿಯುವ ದಾರಿಯಲ್ಲಿ, ಕಾಯಿ ಅಂಗಡಿಗಳ ಎದುರು, ಹನುಮಯ್ಯ ಎನ್ನುವವರು ಆಟದ ಸಾಮಾನು ಮಾರುತ್ತಾರೆ. ತೊಂಬತ್ತೊಂಬತ್ತರಲ್ಲಿ ಅವರು ಅಂಗಡಿಯ ಮುಂದೆ ಒಂದು ಮಿಷಿನ್ ತಂದಿಟ್ಟರು. ಅದೇ ಕೋಟೆ. ದೂರದಿಂದಲೇ ಅದರ ಸದ್ದು ಗೊತ್ತಾಯಿತು. ಹಣೆಯ ಮೇಲಿನ ವಿಭೂತಿ ಇನ್ನೂ ಒಣಗಿರಲಿಲ್ಲ. ಹೋಗಿ ಟೋಕನ್ ತೆಗೆದುಕೊಂಡೆ.

ಅವತ್ತಿನಿಂದ ಪ್ರತಿ ತಿಂಗಳೂ ಆಡುತ್ತೇನೆ. ಹಸಿರಿನವನನ್ನು ಮುಟ್ಟುವುದಿಲ್ಲ. ಎರಡು ಟೋಕನ್ ಹಾಕಿ ಕೆಂಪಿನವನನ್ನು ಮಾತ್ರ ಆಡಿಸುತ್ತೇನೆ. ಹಸಿರಿನವನು ನಿಂತಲ್ಲೇ ನಿಂತು ಸಾಯುತ್ತಾನೆ. ಆಮೇಲೆ ನಾನೊಬ್ಬನೇ ಹೋಗುತ್ತೇನೆ. ಯಾಕೆ ಹಾಗೆ ಮಾಡುತ್ತೇನೋ ನನಗೆ ಗೊತ್ತಿಲ್ಲ.

ಮಾದಪ್ಪ ಏನೂ ಮಾಡಲಿಲ್ಲ. ಮಗಳಿಗೆ ಜ್ವರ ಬರಲಿಲ್ಲ, ಅಂಗಡಿ ನಷ್ಟವಾಗಲಿಲ್ಲ. ಆಣೆ ಮುರಿದರೂ ಏನೂ ಆಗುವುದಿಲ್ಲ ಅಂತ ಗೊತ್ತಾದ ಮೇಲೂ ಕೊಳ್ಳೇಗಾಲಕ್ಕೆ ಬರಲಿಲ್ಲ. ನನ್ನನ್ನು ತಡೆದದ್ದು ಆಣೆ ಅಲ್ಲ. ನನಗೆ ಭಯ. ನಿಮ್ಮ ಎದುರಿಗೆ ಒಂದು ಗಳಿಗೆ ಕೂತರೆ ತಿರುಗಿ ಈ ಮನೆಗೆ ಬರಲು ನನ್ನಿಂದ ಆಗುವುದಿಲ್ಲ ಎನ್ನುವ ಭಯ. ಇದನ್ನು ಹೇಳುವುದಕ್ಕಿಂತ ಆಣೆ ಎಂದು ಹೇಳುವುದು ಸುಲಭವಿತ್ತು.

ನಿಮ್ಮ ಮಿಷಿನ್ ಸುಮ್ಮನೆ ಹೋಯಿತು. ಕ್ಷಮಿಸಿ ಅಂತ ಬರೆಯಲೂ ನಾಚಿಕೆಯಾಗುತ್ತದೆ.

ಪ್ರಭು

*

ಕೊಳ್ಳೇಗಾಲ
27 ಡಿಸೆಂಬರ್ 2003

ಪ್ರಭು,

ಮೊದಲ ದಿನ ಬರೆದದ್ದನ್ನು ಹರಿದು ಹಾಕಿದೆ. ಎರಡನೆಯ ದಿನದ್ದನ್ನೂ. ಅವುಗಳಲ್ಲಿದ್ದ ಮಾತು ನಿನಗೆ ಬೇಡ.

ದೇವರಿಗೆ ಕೊಟ್ಟ ಮಾತನ್ನು ಒಂದು ಗೇಮಿಗೋಸ್ಕರ ಮುರಿದೆ, ನನಗೋಸ್ಕರ ಮುರಿಯಲಿಲ್ಲ. ಇದನ್ನು ನುಂಗಲು ನನಗೆ ಹತ್ತು ದಿನ ಬೇಕಾಯಿತು. ಅಂಗಡಿಗೆ ಬೀಗ ಹಾಕಿ ಮಲಗಿದ್ದೆ. ಜ್ವರ ಅಂತ ಹೇಳಿದೆ. ಸೀರೆ ಅಂಗಡಿಯವರು ಗಂಜಿ ತಂದುಕೊಟ್ಟರು. ಆ ಮಿಷಿನ್ ಇದ್ದಿದ್ದರೆ ಹೋಗಿ ನಾಲ್ಕು ಒದೆ ಕೊಡಬಹುದಿತ್ತು. ಅದೂ ಇಲ್ಲ.

ಮಲಗಿಕೊಂಡು ನಿನ್ನನ್ನು ಬೈಯುತ್ತಾ ಇರುವಾಗ ಒಂದು ಯೋಚನೆ ಬಂತು. ಕೊಳ್ಳೇಗಾಲದಿಂದ ಹನೂರಿಗೆ ಒಂದು ಗಂಟೆಯ ದಾರಿ ಇಲ್ಲ. ಅರ್ಧ ಗಂಟೆಗೊಂದು ಬಸ್. ನಿನ್ನ ಅಂಗಡಿ ಎಲ್ಲಿದೆ ಅಂತ ತೊಂಬತ್ಮೂರರಿಂದಲೂ ನನಗೆ ಗೊತ್ತು. ಆಣೆ ಮಾಡಿದವನು ನೀನು. ನಾನು ಯಾರಿಗೂ ಏನೂ ಮಾತು ಕೊಟ್ಟಿರಲಿಲ್ಲ. ಹನ್ನೊಂದು ವರ್ಷದಲ್ಲಿ ಒಂದೇ ಒಂದು ಸಲ ನಾನು ಆ ಬಸ್ ಹತ್ತಬಹುದಿತ್ತು. ಹತ್ತಲಿಲ್ಲ. ಅವನು ಬರಲಿ, ಅವನದೇ ತಾನೇ ಆಣೆ ಅಂತ ಗಲ್ಲಾದಲ್ಲಿ ಜಂಬದಿಂದ ಕೂತಿದ್ದೆ. ನಿನ್ನ ಆಣೆಯ ಹಿಂದೆ ನಾನೂ ಬಚ್ಚಿಟ್ಟುಕೊಂಡಿದ್ದೆ ಅಂತ ಈಗ ಅರ್ಥವಾಗುತ್ತಿದೆ. ನನಗೂ ಭಯ ಕಣೋ. ನೀನು ಎದುರಿಗೆ ಬಂದು ‘ಏನು ಬೇಕಾಗಿತ್ತು ಸಾ’ ಅಂತ ಕೇಳಿಬಿಟ್ಟರೆ ಎನ್ನುವ ಭಯ.

ಆದ್ದರಿಂದ ಕೇಳು. ಜನವರಿ ಇಪ್ಪತ್ತೊಂದು ಅಮಾವಾಸ್ಯೆ. ಬೆಳಗಿನ ಬಸ್ಸಿಗೆ ನಾನು ಬೆಟ್ಟಕ್ಕೆ ಬರುತ್ತೇನೆ. ಹನ್ನೊಂದು ಗಂಟೆಗೆ ಹನುಮಯ್ಯನ ಅಂಗಡಿಯ ಮುಂದೆ ಇರುತ್ತೇನೆ. ನಿನ್ನ ಮನೆಗೆ ಬರುವುದಿಲ್ಲ, ನೀನು ನನ್ನ ಅಂಗಡಿಗೆ ಬರಬೇಕಾಗಿಲ್ಲ. ಸಾವಿರ ಜನ ಓಡಾಡುವ ಜಾಗ. ಅಕ್ಕಪಕ್ಕ ನಿಂತು ಒಂದು ಆಟ ಆಡೋಣ. ಆ ಆಟದಲ್ಲಿ ಇಬ್ಬರು ಗಂಡಸರು ಏಳು ಬಾಗಿಲು ಜೊತೆಯಾಗಿ ನಡೆದರೂ ಯಾಕೆ ಅಂತ ಕೇಳುವವರಿಲ್ಲ. ಮುಗಿದ ಮೇಲೆ ನೀನು ನಿನ್ನ ಬಸ್ ಹತ್ತು, ನಾನು ನನ್ನದು.

ಬೇಡ ಅನಿಸಿದರೆ ಒಂದು ಕಾರ್ಡ್ ಹಾಕು. ಕಾರ್ಡ್ ಬರದಿದ್ದರೆ ಬರುತ್ತೇನೆ.

ರುದ್ರ

*

ಹನೂರು
25 ಜನವರಿ 2004

ರುದ್ರಣ್ಣ,

ಕಾರ್ಡ್ ಹಾಕಲಿಲ್ಲ. ನೀವು ಬರಲಿ ಅಂತಲೇ ಹಾಕಲಿಲ್ಲ.

ಹತ್ತೂವರೆಗೆ ನಾನು ದೇವಸ್ಥಾನದಿಂದ ಇಳಿದೆ. ನೀವು ಆಗಲೇ ಬಂದಿದ್ದಿರಿ. ಇಸ್ತ್ರಿ ಮಾಡಿದ ಬಿಳಿ ಶರಟು, ಕಾಲಿಗೆ ಹೊಸ ಚಪ್ಪಲಿ. ಕೂದಲು ತೆಳ್ಳಗಾಗಿದೆ. ಮೊದಲ ಹ್ಯಾಂಡಲ್ ಹಿಡಿದುಕೊಂಡು, ಎರಡನೆಯದಕ್ಕೆ ಜಾಗ ಬಿಟ್ಟು ಪಕ್ಕಕ್ಕೆ ಸರಿದು ನಿಂತಿದ್ದಿರಿ. ನಾನು ಎದುರಿನ ಕಾಯಿ ಅಂಗಡಿಯ ಹಿಂದೆ ನಿಂತುಬಿಟ್ಟೆ. ಇಪ್ಪತ್ತು ಹೆಜ್ಜೆ ಇರಬಹುದು. ಈಗ ಹೋಗುತ್ತೇನೆ, ಈಗ ಹೋಗುತ್ತೇನೆ ಎಂದುಕೊಂಡೆ. ಹೋಗಲಿಲ್ಲ.

ನೀವು ಎರಡು ಟೋಕನ್ ಹಾಕಿದಿರಿ. ಆಟ ಶುರುವಾಯಿತು. ಆಮೇಲೂ ಹೋಗಲಿಲ್ಲ. ನೀವು ಒಂದು ಸಲವೂ ಹಿಂದೆ ತಿರುಗಿ ನೋಡಲಿಲ್ಲ. ತಿರುಗಿದ್ದರೆ ಬರುತ್ತಿದ್ದೆನೇನೋ ಅಂತ ಬರೆಯಲು ಹೊರಟಿದ್ದೆ. ಸುಳ್ಳು. ನೀವು ತಿರುಗಿದ್ದರೆ ಓಡಿಹೋಗುತ್ತಿದ್ದೆ.

ನಿಮ್ಮ ಆಟ ಮುಗಿಯಿತು ಅಂತ ಗೊತ್ತಾದ ಕೂಡಲೇ ಬಸ್ ಸ್ಟ್ಯಾಂಡಿಗೆ ಇಳಿದೆ. ಕೌದಳ್ಳಿಯಲ್ಲಿ ಬಸ್ ನಿಂತಾಗ ಇಳಿದು ವಾಪಸು ಹೋಗೋಣ ಎಂದು ಬಾಗಿಲ ತನಕ ಬಂದೆ. ಕಂಡಕ್ಟರ್ ‘ಇಳೀತೀರಾ?’ ಅಂದರು. ಇಲ್ಲ ಅಂದೆ.

ಈ ಸಲ ನನ್ನನ್ನು ಯಾರೂ ಹಿಡಿದಿರಲಿಲ್ಲ. ನಿಮ್ಮನ್ನು ನಿಲ್ಲಿಸಿ ನೋಡಿದವನು ನಾನೇ. ಇನ್ನು ನನಗೆ ಬರೆಯದಿದ್ದರೂ ನಾನು ಏನೂ ಅಂದುಕೊಳ್ಳುವುದಿಲ್ಲ.

ಪ್ರಭು

*

ಕೊಳ್ಳೇಗಾಲ
3 ಫೆಬ್ರವರಿ 2004

ಪ್ರಭು,

ನೀನು ಕಾಯಿ ಅಂಗಡಿಯ ಹಿಂದೆ ನಿಂತದ್ದು ನನಗೆ ಗೊತ್ತಿತ್ತು.

ನಿನಗೆ ಬರೆಯಬಾರದು ಎಂದೇ ಬಸ್ಸಿನಲ್ಲಿ ತೀರ್ಮಾನ ಮಾಡಿಕೊಂಡು ಬಂದಿದ್ದೆ. ನಿನ್ನ ಕಾಗದ ಓದಿದ ಮೇಲೆ, ನನಗೆ ಗೊತ್ತಿತ್ತು ಎನ್ನುವುದನ್ನಾದರೂ ನಿನಗೆ ತಿಳಿಸಬೇಕು ಅನಿಸಿತು. ಇಲ್ಲದಿದ್ದರೆ ನನಗೆ ಮೋಸ ಮಾಡಿದೆ ಅಂತ ನೀನು ಜೀವನವಿಡೀ ಕೊರಗುತ್ತೀಯ. ನಿನ್ನ ಸ್ವಭಾವ ನನಗೆ ಗೊತ್ತಿಲ್ಲವೇ.

ಹನ್ನೊಂದಾಯಿತು, ಹನ್ನೊಂದೂಕಾಲಾಯಿತು. ಹಿಂದೆ ಯಾತ್ರಿಕರು ಕ್ಯೂ ನಿಲ್ಲತೊಡಗಿದರು. ಇನ್ನು ತಡ ಮಾಡಲಾಗಲಿಲ್ಲ, ಎರಡು ಟೋಕನ್ ಹಾಕಿದೆ. ಹನುಮಯ್ಯ ನೋಡಿದರು.

‘ಎಲ್ಡು ಆಕ್ಬುಟ್ರಲ್ಲಾ ಸಾ, ಇನ್ನೊಬ್ರೆಲ್ಲಿ?’

‘ಬತ್ತಾರೆ.’

‘ಅವ್ರ್ ಬರಗಂಟ ಆಟ ಕಾಯಾಕಿಲ್ಲ ಕಣ್ರಿ.’

ಕಾಯಲಿಲ್ಲ. ಕೆಂಪಿನವನು ನಿಂತಲ್ಲೇ ನಿಂತ, ಮೂರು ಸಲ ಸತ್ತ. ನಾನು ಏನೂ ಮಾಡಲಾಗದೆ ಅವನ ಸುತ್ತ ಕತ್ತಿ ಬೀಸುತ್ತಿದ್ದೆ. ಹಿಂದೆ ಯಾರೋ ನಕ್ಕರು. ಅಲ್ಲಿಗೇ ಬಿಟ್ಟು ಬರಬೇಕು ಎಂದುಕೊಂಡೆ. ಹೇಗೋ ಮೊದಲ ಬಾಗಿಲು ದಾಟಿತು.

ಆ ಆಟದಲ್ಲಿ ಒಂದು ಬಾಗಿಲು ದಾಟಿ ಇನ್ನೊಂದು ಬರುವ ಮುಂಚೆ ಪರದೆ ಪೂರ್ತಿ ಕಪ್ಪಾಗುತ್ತದೆ. ಮೂರು ಸೆಕೆಂಡ್ ಇರಬಹುದು. ಹಗಲು ಹೊತ್ತು, ಬೀದಿಯ ಬೆಳಕು. ಪರದೆ ಕಪ್ಪಾದ ಕೂಡಲೇ ಅದರ ಗಾಜಿನಲ್ಲಿ ನನ್ನ ಹಿಂದೆ ಇರುವುದೆಲ್ಲ ಕಂಡಿತು. ಕ್ಯೂನಲ್ಲಿ ನಿಂತವರ ತಲೆ, ಅದರಾಚೆ ಕಾಯಿ ರಾಶಿ, ಅದರ ಹಿಂದೆ ನೀನು.

ಅಷ್ಟರಲ್ಲಿ ಎರಡನೆಯ ಬಾಗಿಲು ಬಂತು, ಗಾಜಿನಿಂದ ನೀನು ಮಾಯವಾದೆ.

ತಿರುಗಬಹುದಿತ್ತು. ತಿರುಗಿದರೆ ನೀನು ಓಡುತ್ತೀಯ ಎಂದು ನೀನು ಬರೆಯುವ ಮೊದಲೇ ನನಗೆ ಗೊತ್ತಿತ್ತು. ಇನ್ನೊಂದು ಸಲ ನೋಡಬೇಕಾದರೆ ಇರುವುದು ಒಂದೇ ದಾರಿ, ಎರಡನೆಯ ಬಾಗಿಲನ್ನೂ ದಾಟಬೇಕು. ಆಡಿದೆ, ಪ್ರಭು. ಎಲ್ಲಿದ್ದ ಶಕ್ತಿಯೋ. ನಲವತ್ತು ವರ್ಷದ ಮುದಿ ಕೈ, ಒಂದೇ ಒಂದು ಪ್ರಾಣ ಕಳೆದುಕೊಳ್ಳದೆ ಎರಡನೆಯದು, ಮೂರನೆಯದು. ಹಿಂದೆ ನಗುತ್ತಿದ್ದವರು ಸುಮ್ಮನಾದರು. ಹನುಮಯ್ಯ ವ್ಯಾಪಾರ ಬಿಟ್ಟು ಬಂದು ನಿಂತರು. ಇವರೆಲ್ಲ ನಾನು ಗೆಲ್ಲುವುದಕ್ಕೆ ಆಡುತ್ತಿದ್ದೇನೆ ಅಂದುಕೊಂಡಿದ್ದರು. ನಾನು ಆ ಮೂರು ಸೆಕೆಂಡಿನ ಕಪ್ಪಿಗೋಸ್ಕರ ಆಡುತ್ತಿದ್ದೆ.

ಐದು ಬಾಗಿಲು ದಾಟಿದೆ. ಐದು ಸಲ ನಿನ್ನನ್ನು ನೋಡಿದೆ. ಎರಡನೆಯ ಸಲ ನಿನ್ನ ಮೀಸೆ ಬೆಳ್ಳಗಾಗಿರುವುದು ಕಂಡಿತು. ಮೂರನೆಯ ಸಲ ನೀನು ಕಂಬ ಹಿಡಿದುಕೊಂಡಿದ್ದೆ. ನಾಲ್ಕನೆಯ ಸಲ ಅಳುತ್ತಿದ್ದೆ, ಅಥವಾ ಗಾಜಿಗೆ ಧೂಳು ಹಿಡಿದಿತ್ತು. ಐದನೆಯ ಸಲ ಒಂದು ಹೆಜ್ಜೆ ಈಚೆ ಬಂದಿದ್ದೆ. ಆ ಒಂದು ಹೆಜ್ಜೆ ನೋಡಿ ನನಗೆ ಆಟವೇ ಮರೆತುಹೋಯಿತು. ಆರನೆಯ ಬಾಗಿಲಿನಲ್ಲಿ ಸತ್ತೆ. ಆಟ ಮುಗಿದರೆ ಪರದೆ ಕಪ್ಪಾಗುವುದಿಲ್ಲ, ಅಂಕಿಗಳು ಬಂದು ಮಿನುಗುತ್ತಾ ನಿಲ್ಲುತ್ತವೆ. ತಿರುಗಿ ನೋಡುವಷ್ಟರಲ್ಲಿ ನೀನಿರಲಿಲ್ಲ.

ಇಷ್ಟೇ ಸಾಕು, ನೋಡಿದೆನಲ್ಲ ಎಂದು ಬರೆದು ಮುಗಿಸೋಣ ಅಂತ ಕೂತೆ. ಸಾಕಾಗಲಿಲ್ಲ.

ಇಪ್ಪತ್ತನೆಯ ತಾರೀಕು ಮತ್ತೆ ಅಮಾವಾಸ್ಯೆ. ಬರುತ್ತೇನೆ. ನೀನು ಪಕ್ಕಕ್ಕೆ ಬಂದು ಹ್ಯಾಂಡಲ್ ಹಿಡಿಯಬೇಕು ಅಂತ ನಾನು ಕೇಳುವುದಿಲ್ಲ. ಆದರೆ ಕಾಯಿ ರಾಶಿಯ ಹಿಂದೆ ನೆರಳಿನಲ್ಲಿ ಬೇಡ, ಸ್ವಲ್ಪ ಈಚೆ, ಬಿಸಿಲು ಬೀಳುವ ಕಡೆ ನಿಂತುಕೋ. ಗಾಜಿನಲ್ಲಿ ಸರಿಯಾಗಿ ಕಾಣುವುದಿಲ್ಲ.

ನಿನ್ನ,
ರುದ್ರ